ಎಂಟಕ್ಕೆ ಮೂವತ್ತೊಂಬತ್ತು

ನಮ್ಮ ಮನೆಯ ಮದುವೆಯಲ್ಲಿ ಜಗಳ ಎದ್ದದ್ದು ಊಟದ ವಿಷಯಕ್ಕಲ್ಲ, ಸೀರೆ ವಿಷಯಕ್ಕೂ ಅಲ್ಲ. ಕಾರಿನ ಹಿಂದಿನ ಆಕ್ಸಲ್ಲಿಗೆ ಎಷ್ಟು ಹಲ್ಲಿನ ಪಿನಿಯನ್ ಹಾಕಬೇಕು ಅನ್ನುವುದಕ್ಕೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ಅವರ ಕಾರೇನೂ ನಮ್ಮೂರ ಏರು ಹತ್ತಬೇಕಾಗಿರಲಿಲ್ಲ.

ಕಾರು ಎಪ್ಪತ್ತೆಂಟನೇ ಇಸವಿಯ ಅಂಬಾಸಿಡರ್. ನನ್ನಪ್ಪ ಮಾದು ನಂಜನಗೂಡಿನ ಸರ್ಕಾರಿ ಕಚೇರಿಯೊಂದರಲ್ಲಿ ಡ್ರೈವರ್ ಆಗಿದ್ದಾಗ ಇಪ್ಪತ್ತು ವರ್ಷ ಇದನ್ನೇ ಓಡಿಸಿದವನು. ಕಚೇರಿಗೆ ಹೊಸ ಜೀಪು ಬಂದು ಇದು ಹರಾಜಿಗೆ ಬಿದ್ದಾಗ ಗುಜರಿಯವರ ನಡುವೆ ನಿಂತು ಕೂಗಿ ತಾನೇ ಹಿಡಿದ. ಅಮ್ಮ ಮೂರು ದಿನ ಮಾತಾಡಿರಲಿಲ್ಲ. ಈಗ ಅಮ್ಮ ಇಲ್ಲ, ಕಾರು ಇದೆ. ನಾನು ಕೋಮಲ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸಕ್ಕೆ ಸೇರಿದ ದಿನ ನನ್ನನ್ನು ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಲು ಕೂರಿಸಿದ್ದರು. ಜಗಳ ಆಡಿ ಆಕ್ಸಲ್ ಸೆಕ್ಷನ್ನಿಗೆ ಹೋದೆ, ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದೇನೆ. ಆಕ್ಸಲ್ ವಿಷಯದಲ್ಲಿ ಮನೆಯಲ್ಲಿ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ.

ಮದುವೆ ನನ್ನ ತಮ್ಮ ರಾಜೇಂದ್ರನದು. ಹುಡುಗಿ ನಂದಿತಾ, ಮೂಗೂರಿನವಳು. ತಿ. ನರಸೀಪುರದ ಛತ್ರದಲ್ಲಿ ಬುದ್ಧವಂದನೆ ಮಾಡಿ ಹಾರ ಬದಲಾಯಿಸುವುದು, ಊಟ ಮುಗಿಸಿ ಗಂಡು ಹೆಣ್ಣನ್ನು ಅಂಬಾಸಿಡರಿನಲ್ಲಿ ಕೂರಿಸಿಕೊಂಡು ಹೊರಡುವುದು, ಸಂಜೆ ಐದಕ್ಕೆ ಹೆಡತಲೆ ಕಡೆಯ ನಮ್ಮೂರಿನ ಬಸ್‌ಸ್ಟಾಪ್ ಮುಟ್ಟುವುದು. ಅಲ್ಲಿಂದ ಮನೆಯವರೆಗೆ ತಮಟೆ, ಮೆರವಣಿಗೆ. ಬಸ್‌ಸ್ಟಾಪಿನವರೆಗೆ ನಾನು ಓಡಿಸುವುದು, ಮೆರವಣಿಗೆಯಲ್ಲಿ ಅಪ್ಪ ಓಡಿಸುವುದು ಅಂತ ಅಪ್ಪನೇ ತೀರ್ಮಾನ ಮಾಡಿಬಿಟ್ಟಿದ್ದ.

ಬಸ್‌ಸ್ಟಾಪಿನಿಂದ ನಮ್ಮ ಬೀದಿಗೆ ಬರಬೇಕಾದರೆ ಮೇಲಿನ ಬೀದಿಯ ಏರು ಹತ್ತಬೇಕು. ಕೆರೆಯ ಹಿಂದಿನಿಂದ ಒಂದು ಬಳಸುದಾರಿ ಇದೆ, ತಾತನ ಕಾಲದಲ್ಲಿ ನಮ್ಮವರಿಗೆ ಅದೇ ದಾರಿ. ಎಂಬತ್ತೊಂಬತ್ತರಲ್ಲಿ ಚಿಕ್ಕಪ್ಪನ ಮದುವೆಗೆ ಅಪ್ಪ ಮೊದಲ ಸಲ ಮೇಲಿನ ಬೀದಿಯಲ್ಲಿ ಕಾರು ತಂದ. ಬಾಡಿಗೆ ಕಾರು, ಸ್ಟೇರಿಂಗ್ ಮುಂದೆ ಅಪ್ಪ, ಹಿಂದೆ ಚಿಕ್ಕಪ್ಪ ಚಿಕ್ಕವ್ವ, ಚಿಕ್ಕವ್ವನ ತೊಡೆಯ ಮೇಲೆ ನಾಲ್ಕು ವರ್ಷದ ನಾನು. ಯಾರೂ ಅಡ್ಡ ಹಾಕಲಿಲ್ಲ. ಜಗಲಿಗಳ ಮೇಲೆ ಕೂತು ನೋಡಿದರು, ಅಷ್ಟೇ. ತಮಟೆಯವರ ಹಿಂದೆ ಅರ್ಧ ಕ್ಲಚ್ಚು ಒತ್ತಿಕೊಂಡು ಆಮೆ ನಡಿಗೆಯಲ್ಲಿ ಹೋಗಿ ಹೋಗಿ ಅರ್ಧ ಏರಿನಲ್ಲಿ ಕ್ಲಚ್ ಪ್ಲೇಟು ಸುಟ್ಟುಹೋಯಿತು. ಬಾನೆಟ್ಟಿನ ಕೆಳಗಿಂದ ಹೊಗೆ. ಹನ್ನೆರಡು ಜನ ಸೇರಿ ಕಾರನ್ನು ತಳ್ಳಿದರು. ಆಗ ಒಂದು ಜಗಲಿಯಿಂದ ಮಾತು ಬಂತು: "ಕಾರೂ ತಂದವ್ರ, ತಳ್ಳಕ ಜನಾನೂ ತಂದವ್ರ!" ಬೀದಿಯೆಲ್ಲ ನಕ್ಕಿತು. ನಮ್ಮವರೂ ಕೆಲವರು ನಕ್ಕರು. ಅಪ್ಪ ನಗಲಿಲ್ಲ. ಮೂವತ್ತೈದು ವರ್ಷ ಕಳೆದರೂ ಆ ಮಾತು ಅವನ ಎದೆಯಿಂದ ಇಳಿದಿಲ್ಲ.

ಆಮೇಲೆ ನಮ್ಮವರ ಎಷ್ಟೋ ಮದುವೆಗಳು ಆದವು, ಟೆಂಪೋ ಟ್ರಾಕ್ಟರುಗಳಲ್ಲಿ ಮೆರವಣಿಗೆ ಹೋದವು, ಯಾರೂ ಏನೂ ಅನ್ನಲಿಲ್ಲ. ಮೇಲಿನ ಬೀದಿಯ ಹುಡುಗರೇ ಬಂದು ಕುಣಿಯುತ್ತಾರೆ. ಊರು ಮರೆತಿದೆ. ಅಪ್ಪನಿಗೆ ಮಾತ್ರ ಆ ಏರನ್ನು ಒಂದು ಸಲ ತಾನೇ ಕಾರು ಓಡಿಸಿಕೊಂಡು, ನಡಿಗೆಯ ವೇಗದಲ್ಲಿ, ಯಾರ ಕೈಯೂ ಕಾರಿಗೆ ತಗುಲದಂತೆ ಹತ್ತಿಸಬೇಕು. ಅವನಿಗೆ ಈಗ ಎಪ್ಪತ್ತೆರಡು. ಎರಡು ವರ್ಷದ ಹಿಂದೆ ಸಣ್ಣದಾಗಿ ಲಕ್ವ ಹೊಡೆದು ಎಡಗಾಲು ಸೊರಗಿದೆ. ಕ್ಲಚ್ ಒತ್ತುವ ಕಾಲೇ ಅದು. ರಾಜೇಂದ್ರನ ಮದುವೆ ಬಿಟ್ಟರೆ ನಮ್ಮ ಮನೆಯಲ್ಲಿ ಇನ್ನೊಂದು ಮದುವೆ ಇಲ್ಲ. ನನ್ನದು ಆಗಿ, ಮುಗಿದು, ಕೋರ್ಟಿನಲ್ಲಿ ಸಹಿಯೂ ಆಗಿದೆ.

ಇದರ ಮೇಲೆ ಕಾರಿನ ಹಿಂದಿನ ಹೌಸಿಂಗ್ ಕೂಗಲು ಶುರು ಮಾಡಿತು. ಬಿಚ್ಚಿ ನೋಡಿದರೆ ಪಿನಿಯನ್ನಿನ ಎರಡು ಹಲ್ಲು ಮೂಲೆಯಲ್ಲಿ ಚಕ್ಕೆ ಎದ್ದಿವೆ. ಬದಲಾಯಿಸಲೇಬೇಕು. ಹೇಗೂ ಬದಲಾಯಿಸುವುದಾದರೆ ಯಾವುದನ್ನು ಹಾಕಬೇಕು? ಅಲ್ಲಿಂದ ಜಗಳ.

ವಿಷಯ ಸುಲಭ. ಹಿಂದಿನ ಎರಡು ಚಕ್ರಗಳ ನಡುವಿನ ಹೌಸಿಂಗಿನಲ್ಲಿ ತಟ್ಟೆಯಷ್ಟು ಅಗಲದ ಕ್ರೌನ್ ಎಂಬ ಹಲ್ಲಿನ ಚಕ್ರ ಇರುತ್ತದೆ. ಎಂಜಿನ್ನಿನಿಂದ ಬರುವ ಶಾಫ್ಟಿನ ತುದಿಯ ಪುಟ್ಟ ಪಿನಿಯನ್ ಅದನ್ನು ತಿರುಗಿಸುತ್ತದೆ. ನಮ್ಮದರಲ್ಲಿ ಇದ್ದದ್ದು ಒಂಬತ್ತಕ್ಕೆ ನಲವತ್ತೊಂದು: ಪಿನಿಯನ್ನಿಗೆ ಒಂಬತ್ತು ಹಲ್ಲು, ಕ್ರೌನಿಗೆ ನಲವತ್ತೊಂದು. ಅಂದರೆ ಶಾಫ್ಟು ನಾಲ್ಕೂವರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಂಟಕ್ಕೆ ಮೂವತ್ತೊಂಬತ್ತು ಹಾಕಿದರೆ ಹತ್ತಿರ ಹತ್ತಿರ ಐದು ಸುತ್ತು ಬೇಕು, ಕಾರಿಗೆ ಎಳೆಯುವ ಬಲ ಹೆಚ್ಚು, ಓಟ ಕಡಿಮೆ, ರೋಡಿನಲ್ಲಿ ಎಂಜಿನ್ ಅರಚುತ್ತದೆ. ಹತ್ತಕ್ಕೆ ನಲವತ್ತಮೂರು ಹಾಕಿದರೆ ನಾಲ್ಕೂಕಾಲು ಸುತ್ತು ಸಾಕು, ಓಟ ಚೆನ್ನ, ಏರಿನಲ್ಲಿ ತಿಣುಕುತ್ತದೆ. ಎರಡೂ ಬೇಕು ಅನ್ನುವವನಿಗೆ ಯಾವ ಪಿನಿಯನ್ನೂ ಇಲ್ಲ.

"ಹತ್ತೇ ಹಾಕು ಅಕ್ಕ" ಎಂದ ರಾಜೇಂದ್ರ, ರೊಟ್ಟಿ ಮುರಿಯುತ್ತ. "ಮೈಸೂರಲ್ಲಿ ಒಬ್ರ ಹತ್ರ ಹೊಸ ಸೆಟ್ಟೇ ಅದ, ಪೇಪರ್ ಕೂಡ ಬಿಚ್ಚಿಲ್ಲ. ಮದುವೆ ಮುಗುದ್ ಮೇಲೆ ಬಾಡಿಗೆಗೂ ಬುಡಬೋದು. ಈಗ ಎಲ್ರೂ ಹಳೇ ಕಾರೇ ಕೇಳ್ತಾರೆ. ನಾಕು ಲೈನಿನ ರೋಡಲ್ಲಿ ಎಂಬತ್ತರಲ್ಲಿ ಜುಮ್ಮಂತ ಓಯ್ತದ."

"ಎಂಟು" ಎಂದ ಅಪ್ಪ.

"ಅಪ್ಪಾ, ನರಸೀಪುರದಿಂದ ಊರ್ಗಂಟ ಇಟ್ಟಿನ ಗಿರಣಿ ತರ ಕಿರುಚ್ತದ ಎಂಜಿನ್ನು. ಹೆಣ್ಣು ಕಿವಿ ಮುಚ್ಕಂಡು ಬರಬೇಕಾ?"

"ಕಿವಿ ಮುಚ್ಕಳ್ಳಿ. ಎಂಟೇ ಬೇಕು."

ನಾನು ಮಧ್ಯದಲ್ಲಿ ನಿಂತೆ. ಮನೆಯಲ್ಲಿ ನನ್ನ ಜಾಗ ಯಾವಾಗಲೂ ಅದೇ. ಒಂಬತ್ತಕ್ಕೇ ಹೊಸ ಸೆಟ್ಟು ಹಾಕೋಣ, ರೋಡಿಗೂ ಆಗುತ್ತದೆ, ಏರಿಗೂ ಆಗುತ್ತದೆ ಎಂದೆ. ಎಂಟಕ್ಕೂ ಒಂಬತ್ತಕ್ಕೂ ಎಷ್ಟು ವ್ಯತ್ಯಾಸ ಅಂತ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಆಕ್ಸಿಲರೇಟರ್ ಮುಟ್ಟದೆ, ಎಂಜಿನ್ ತನ್ನ ಪಾಡಿಗೆ ಆರುನೂರು ಸುತ್ತಿನಲ್ಲಿ ಗುಡುಗುಡು ಅನ್ನುತ್ತಿದ್ದರೆ, ಮೊದಲ ಗೇರಿನಲ್ಲಿ ಕಾರು ನಿಮಿಷಕ್ಕೆ ಒಂಬತ್ತರಲ್ಲಿ ಎಪ್ಪತ್ತೊಂದು ಮೀಟರ್ ಹೋಗುತ್ತದೆ. ಎಂಟರಲ್ಲಿ ಅರವತ್ತಾರು.

"ಐದು ಮೀಟರಿಗೆ ಇಷ್ಟು ಹಠ ಯಾಕಪ್ಪ?"

"ಬರಿಯದೆಲ್ಲ ಬರ್ಕೋ. ನಂಗೆ ಎಂಟು ಬೇಕು ಕಣವ್ವ" ಎಂದು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಕಾರಣ ಹೇಳಲಿಲ್ಲ. ನನಗೆ ಮೈ ಉರಿಯಿತು. ವಯಸ್ಸಾದವರಿಗೆ ಕಾರಣ ಹೇಳದೆ ಇರುವುದೂ ಒಂದು ದೊಡ್ಡಸ್ತಿಕೆ ಎಂದುಕೊಂಡೆ.

ಆದರೆ ಏರಿನ ಯೋಚನೆ ನನ್ನನ್ನೂ ಬಿಡಲಿಲ್ಲ. ಅಪ್ಪನ ಎಡಗಾಲನ್ನು ನಂಬಿ ಅರ್ಧ ಗಂಟೆ ಅರ್ಧ ಕ್ಲಚ್ಚಿನಲ್ಲಿ ಕಾರು ಬಿಡುವಂತಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ: ಕಾರು ತಾನಾಗಿ ನಡೆಯಬೇಕು. ಮೊದಲ ಗೇರಿಗೆ ಹಾಕಿ ಬಿಟ್ಟರೆ, ಕ್ಲಚ್ಚನ್ನು ಮುಟ್ಟದೆಯೇ, ತಮಟೆಯವರ ಹಿಂದೆ ಅವರ ಹೆಜ್ಜೆಗೇ ಸರಿಯಾಗಿ ಹೋಗಬೇಕು. ತಮಟೆಯವರ ಹೆಜ್ಜೆ ಎಷ್ಟು? ಆ ವಾರ ಪಕ್ಕದೂರಲ್ಲಿ ಒಂದು ಮದುವೆ ಇತ್ತು. ಕರೆಯದಿದ್ದರೂ ಹೋದೆ. ಮೆರವಣಿಗೆಯ ಪಕ್ಕ ಮೊಬೈಲ್ ಹಿಡಿದು ಲೈಟ್ ಕಂಬದಿಂದ ಕಂಬಕ್ಕೆ ಎಷ್ಟು ಸೆಕೆಂಡ್ ಅಂತ ನೋಡುತ್ತ ನಡೆದೆ. ವಿಡಿಯೋ ತೆಗೆಯುತ್ತಿದ್ದೇನೆ ಎಂದುಕೊಂಡು ಹೆಂಗಸರು ತಲೆ ಸರಿಮಾಡಿಕೊಂಡರು. ಕಂಬಕ್ಕೂ ಕಂಬಕ್ಕೂ ಮೂವತ್ತು ಮೀಟರ್, ಮೂವತ್ತು ಸೆಕೆಂಡ್. ನಿಮಿಷಕ್ಕೆ ಅರವತ್ತು ಮೀಟರ್.

ಮೆರವಣಿಗೆ ಮುಗಿದ ಮೇಲೆ ತಮಟೆ ತಂಡದ ಯಜಮಾನ ಮಾರಯ್ಯನನ್ನು ಹಿಡಿದೆ. ನಮ್ಮ ಮದುವೆಗೂ ಅವನದೇ ತಂಡ.

"ಮಾರಯ್ಯಣ್ಣ, ನಿಮಿಷಕ್ಕೆ ಆರು ಮೀಟರ್ ಜಾಸ್ತಿ ನಡೀಬೇಕು. ಆಯ್ತದಾ? ಹನ್ನೊಂದು ಅಂದ್ರೆ?"

ಅವನು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದವನು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೀಟ್ರು ಗೀಟ್ರು ನಂಗೊತ್ತಿಲ್ಲ ಕಣವ್ವ. ಬೇಗ ಓಗ್ಬೇಕು ಅನ್ನು, ಏಟ್ ಬದ್ಲಾಯಿಸ್ತೀನಿ, ಕಾಲು ತಾನೇ ಎಳ್ಕಂಡೋಯ್ತದ. ಅನ್ನೊಂದು ಜಾಸ್ತಿ ಅಂದ್ರೆ ಆಗಲ್ಲ, ನಮ್ಮುಡುಗ್ರು ಕುಡ್ದಿರ್ತಾವ."

ಅರವತ್ತಾರು ಆಗುತ್ತದೆ, ಎಪ್ಪತ್ತೊಂದು ಆಗುವುದಿಲ್ಲ. ಅಪ್ಪನ ಎಂಟು ಗೆಲ್ಲುತ್ತಿತ್ತು. ಆದರೂ ನನಗೆ ಒಪ್ಪಲು ಮನಸ್ಸಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ, ಬೀದಿಯಲ್ಲಿ ಜನ ಇಲ್ಲದಾಗ, ಹಿಂದಿನ ಸೀಟಿನಲ್ಲಿ ನಾಲ್ಕು ಚೀಲ ರಾಗಿ ಹೇರಿಕೊಂಡು ಹಳೇ ಒಂಬತ್ತರಲ್ಲೇ ಏರಿನ ಬುಡಕ್ಕೆ ಹೋದೆ. ಮೊದಲ ಗೇರು, ಕ್ಲಚ್ಚು ಬಿಟ್ಟು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತೆ. ಹಾಲು ಕರೆದುಕೊಂಡು ಬರುತ್ತಿದ್ದ ಒಬ್ಬ ಮುದುಕ ನಿಂತುಬಿಟ್ಟ. ಕಾರು ಒಂದು ಕಂಬ ದಾಟಿತು, ಎರಡು ದಾಟಿತು, ಮೂರನೆಯ ಕಂಬದ ಹತ್ತಿರ ಏರು ಕಡಿದಾಗುವ ಕಡೆ ಎರಡು ಸಲ ಕೆಮ್ಮಿ ಎಂಜಿನ್ ಆಫ್ ಆಯಿತು. ಅಪ್ಪ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದು ನನಗೆ ಯಾವತ್ತೂ ಸುಲಭವಲ್ಲ, ಆದರೂ ಮನೆಗೆ ಬಂದು ಹೇಳಿದೆ.

"ಎಂಟು ಹುಡುಕ್ತೀನಿ ಬುಡಪ್ಪ."

"ಊಂ" ಎಂದ. "ಬ್ಯಾಟ್ರಿನೂ ಒಸ್ದು ಹಾಕು. ಸೆಲ್ಫ್ ಮೋಟ್ರು ಬಿಚ್ಚಿ ರಿಪೇರಿ ಮಾಡ್ಸು."

ಮದುವೆ ದಿನ ಕಾರಿಗೆ ಸೀರಿಯಲ್ ಲೈಟು ಹಾಕಿಸುತ್ತಾನೇನೋ ಎಂದುಕೊಂಡೆ.

ಎಂಟಕ್ಕೆ ಮೂವತ್ತೊಂಬತ್ತು ಸಿಗುವುದು ಸುಲಭವಿರಲಿಲ್ಲ. ಮೈಸೂರಿನ ಗುಜರಿಗಳಲ್ಲಿ ಮೂರು ಭಾನುವಾರ ಅಲೆದೆ. ಒಂದು ಕಡೆ ಪಿನಿಯನ್ ಇದ್ದರೆ ಕ್ರೌನ್ ಇಲ್ಲ. ಬೇರೆ ಬೇರೆ ಕಡೆಯದನ್ನು ಜೋಡಿಸಲು ಬರುವುದಿಲ್ಲ. ಎರಡೂ ಒಂದಕ್ಕೊಂದು ತಿಕ್ಕಿ ಸವೆದು ಜೋಡಿಯಾಗಿರುತ್ತವೆ, ಬೇರೆಯದರ ಜೊತೆ ಕೂರಿಸಿದರೆ ಕೂಗಿ ಕೂಗಿ ಮುರಿಯುತ್ತವೆ. ಕೊನೆಗೆ ಡಿಪೋದಲ್ಲಿ ಯಾರೋ ಹೇಳಿದರು, ಬಿಳಿಗೆರೆಯ ಶಿವಮಲ್ಲಪ್ಪ ಅನ್ನುವವರ ಕೊಟ್ಟಿಗೆಯಲ್ಲಿ ಒಂದು ಡೀಸೆಲ್ ಅಂಬಾಸಿಡರ್ ಹದಿನೈದು ವರ್ಷದಿಂದ ಮಲಗಿದೆ, ಅದರಲ್ಲಿ ಎಂಟೇ ಇರಬೇಕು ಅಂತ.

ಶಿವಮಲ್ಲಪ್ಪ ಭತ್ತದ ವ್ಯಾಪಾರಿ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮೊಬೈಲು. ಅಪ್ಪನ ಕಾಲದವರು ಇಂಥವರನ್ನು ಬುದ್ಧಿ ಎಂದು ಕರೆಯುತ್ತಿದ್ದರು. ನಾನು ಶಿವಮಲ್ಲಪ್ಪೋರೆ ಎಂದೆ. ಅವರು ನನ್ನ ಡಿಪೋದ ಖಾಕಿ ಕೋಟು ನೋಡಿ "ನೀವೇ ಬಿಚ್ತೀರೇನ್ರಮ್ಮ?" ಎಂದರು. ನಾನೇ ಬಿಚ್ಚುತ್ತೇನೆ ಎಂದೆ. ಕಾರಿನ ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಹೌಸಿಂಗ್ ಬಿಚ್ಚದೆಯೇ ಹಲ್ಲಿನ ಲೆಕ್ಕ ಹಿಡಿಯುವ ಉಪಾಯ ಇದೆ. ಹಿಂದಿನ ಒಂದು ಚಕ್ರ ನೆಲದ ಮೇಲಿರಬೇಕು, ಇನ್ನೊಂದನ್ನು ಜಾಕಿನಲ್ಲಿ ಎತ್ತಿ ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು, ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ತಿರುಗಿತೋ ಅದೇ ಲೆಕ್ಕ. ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ನಾನು ಚಕ್ರ ತಿರುಗಿಸಿದೆ, ಶಿವಮಲ್ಲಪ್ಪ ಕೆಳಗೆ ಬಗ್ಗಿ ಭತ್ತ ಅಳೆಯುವ ರಾಗದಲ್ಲಿ ಎಣಿಸಿದರು.

"ಲಾಭ... ಎರಡು... ಮೂರು... ನಾಲ್ಕು..."

"ಒಂದು ಅನ್ನಕ್ಕೆ ಏನ್ ಕಷ್ಟ ಶಿವಮಲ್ಲಪ್ಪೋರೆ?"

"ಮೊದಲನೇದನ್ನ ಒಂದು ಅನ್ನಬಾರದು ಕಣ್ರಮ್ಮ, ಮನೇಲಿ ಹೆಚ್ಚಲ್ಲ. ಹೂಂ, ತಿರುಗಿಸಿ. ಐದು ಆಗಲಿಲ್ಲ, ಗುರುತು ಮೇಲಕ್ಕೆ ಬರಕೆ ಒಂಚೂರು ಬಾಕಿ ಅದೆ."

ಐದಕ್ಕೆ ಒಂಚೂರು ಕಮ್ಮಿ. ಎಂಟಕ್ಕೆ ಮೂವತ್ತೊಂಬತ್ತೇ. ಮಣ್ಣಿನಲ್ಲಿ ಕೂತಿದ್ದವಳು ಖುಷಿಗೆ ಚಕ್ರವನ್ನೇ ತಬ್ಬಿಕೊಂಡೆ. ಅವರ ಟ್ರಾಕ್ಟರಿನ ಬ್ರೇಕು ಮಾಡಿಕೊಡುವುದು, ಅವರು ಈ ಸೆಟ್ಟು ಕೊಡುವುದು ಎಂದು ಒಪ್ಪಂದವಾಯಿತು. ಎರಡು ಭಾನುವಾರ ಅವರ ಟ್ರಾಕ್ಟರಿನ ಕೆಳಗೆ ಮಲಗಿದೆ. ಮೂರನೆಯ ಭಾನುವಾರ ಕ್ರೌನ್ ಪಿನಿಯನ್ ಜೋಡಿಯನ್ನು ಹಳೇ ಲುಂಗಿಯಲ್ಲಿ ಸುತ್ತಿ ತಂದು, ನಮ್ಮ ಕಾರಿಗೆ ಕೂರಿಸಿದೆ. ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ತಾಗುತ್ತದೆ ನೋಡಿ, ಬಿಚ್ಚಿ, ತೆಳ್ಳನೆ ವಾಷರ್ ಬದಲಾಯಿಸಿ, ಮತ್ತೆ ಕೂರಿಸಿ, ಹೀಗೆ ಏಳು ಸಲ. ಡಿಪೋದಲ್ಲಿ ಮೂರನೇ ಸಲಕ್ಕೇ ಸಾಕು ಅನ್ನುತ್ತಾರೆ. ರಾಗಿ ಚೀಲ ಹೇರಿಕೊಂಡು ಏರಿಗೆ ಹೋದೆ, ಕಾಲು ಮಡಚಿಕೊಂಡೆ, ಕಾರು ಕೆಮ್ಮಲಿಲ್ಲ. ಕೊನೆಯ ಕಂಬ ದಾಟಿ ತಾನಾಗಿ ನಡೆದುಹೋಯಿತು.

ಅಪ್ಪನ ಕಾಲಿನ ಪರೀಕ್ಷೆ ಬಾಕಿ ಇತ್ತು. ಕಾರು ನಿಂತ ಜಾಗದಲ್ಲೇ ಕೂರಿಸಿ, ಹತ್ತು ಸಲ ಕ್ಲಚ್ ಒತ್ತಿ ತೋರಿಸು, ಇಲ್ಲದಿದ್ದರೆ ಕೀ ಕೊಡುವುದಿಲ್ಲ ಎಂದೆ. ಐದು ಸಲ ಒತ್ತಿದ. ಆರನೆಯದಕ್ಕೆ ಸಿಟ್ಟು ಬಂತು.

"ನಾನೇನ್ ಲೈಸೆನ್ಸಿಗೆ ಬಂದ ಉಡ್ಗನೇನಮ್ಮಿ? ನೀ ಉಟ್ಟಕ್ ಮುಂಚೆಯಿಂದ ಇದೇ ಕ್ಲಚ್ ಒತ್ಕಂಡ್ ಬಂದಿವ್ನಿ. ಇಳಿ ಅತ್ಲಾಗೆ!"

ಬಿಟ್ಟುಬಿಟ್ಟೆ. ಕಾರು ತಾನಾಗಿ ನಡೆಯುತ್ತದೆ, ಹೊರಡುವಾಗ ಒಂದು ಸಲ ಕ್ಲಚ್ಚು, ಮನೆ ಮುಂದೆ ನಿಲ್ಲಿಸುವಾಗ ಒಂದು ಸಲ, ಎರಡು ಸಲಕ್ಕೆ ಐದು ಸಲ ಒತ್ತಿದ ಕಾಲು ಸಾಕಲ್ಲ ಎಂದು ಲೆಕ್ಕ ಹಾಕಿದೆ. ದಾರಿಯಲ್ಲಿ ಎಲ್ಲೂ ನಿಲ್ಲಬಾರದು, ಕಾರಿನ ಮುಂದೆ ಯಾರೂ ಕುಣಿಯಬಾರದು, ಕುಣಿಯುವವರು ತಮಟೆಯ ಮುಂದೆ ಕುಣಿಯಲಿ ಎಂದು ಮಾರಯ್ಯನಿಗೆ ಹೇಳಿದೆ, ರಾಜೇಂದ್ರನ ಸ್ನೇಹಿತರಿಗೆ ಹೇಳಿದೆ, ಪಟಾಕಿ ಹಚ್ಚುವವರಿಗೂ ಹೇಳಿದೆ.

ಮದುವೆ ದಿನ ಮಧ್ಯಾಹ್ನ ತಿ. ನರಸೀಪುರದಿಂದ ಹೊರಟೆವು. ರಾಜೇಂದ್ರ ಹೇಳಿದಂತೆಯೇ ಎಂಜಿನ್ ಕಿರುಚಿತು. ಅಪ್ಪ ನನ್ನ ಪಕ್ಕದಲ್ಲಿ ಬಿಳಿ ಅಂಗಿ, ನೀಲಿ ಶಾಲು ಹೊದ್ದು ಕೂತಿದ್ದ. ಸ್ಪೀಡೋಮೀಟರ್ ಹಳೇ ಲೆಕ್ಕದಲ್ಲೇ ಇದ್ದುದರಿಂದ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿತ್ತು.

"ಅರವತ್ತೈದರಲ್ಲಿ ಹೋಗ್ತಿದೀವಿ" ಎಂದ ರಾಜೇಂದ್ರ ಹೆಂಡತಿಗೆ, ಹೆಮ್ಮೆಯಿಂದ.

"ಈಗ ಒಂದು ಸೈಕಲ್ ಓವರ್‌ಟೇಕ್ ಮಾಡ್ತಲ್ಲ" ಎಂದಳು ನಂದಿತಾ. ಸೈಕಲ್ ಅಲ್ಲ, ಮೊಪೆಡ್ಡು. ಆದರೂ ಹುಡುಗಿ ನಮ್ಮ ಮನೆಗೆ ಸರಿಹೋಗುತ್ತಾಳೆ ಅನ್ನಿಸಿತು.

ಬಸ್‌ಸ್ಟಾಪಿನಲ್ಲಿ ಎಂಜಿನ್ ಆಫ್ ಮಾಡಿ ಇಳಿದೆ. ಅಪ್ಪ ಸೀಟಿನ ಮೇಲೆ ಜರುಗಿ ಸ್ಟೇರಿಂಗ್ ಮುಂದೆ ಬಂದ. ನಾನು ಮಾರಯ್ಯನ ಹತ್ತಿರ ಹೋಗಿ ಏಟು ಬದಲಾಯಿಸುವುದನ್ನು ಮತ್ತೊಮ್ಮೆ ನೆನಪಿಸುವಷ್ಟರಲ್ಲಿ ಹಿಂದೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ತಮಟೆ ಬಿತ್ತು. ಕಾರು ಹೊರಟಿತು. ನಾನು ಓಡಿಬಂದು ಅಪ್ಪನ ಕಿಟಕಿಯ ಪಕ್ಕ, ಬೇಕಾದರೆ ಕೀಗೆ ಕೈ ಹಾಕುವಷ್ಟು ಹತ್ತಿರದಲ್ಲಿ ನಡೆಯತೊಡಗಿದೆ.

ಮೇಲಿನ ಬೀದಿಯ ಜಗಲಿಗಳಲ್ಲಿ ಜನ ಕೂತಿದ್ದರು. ಕೆಲವರು ಕೈ ಎತ್ತಿದರು, ಅಪ್ಪ ತಲೆ ಆಡಿಸಿದ. ಕಾರು ತಮಟೆಯ ಹಿಂದೆ ಒಂದೇ ಸಮನೆ, ಗುಡುಗುಡು ಎಂದು, ನಡೆಯುವ ಮನುಷ್ಯನಷ್ಟೇ ವೇಗದಲ್ಲಿ ಹೋಗುತ್ತಿತ್ತು. ಮೊದಲ ಕಂಬ ದಾಟಿತು. ಎರಡನೆಯದು. ಏರು ಕಡಿದಾಯಿತು, ಎಂಜಿನ್ನಿನ ಸದ್ದು ಸ್ವಲ್ಪ ದಪ್ಪವಾಯಿತು, ಅಷ್ಟೇ. ನನಗೆ ಕೂಗಬೇಕು ಅನ್ನಿಸಿತು. ಡಿಪೋದ ಅಷ್ಟೂ ಗಂಡಸರನ್ನು ಕರೆದು ತಂದು ತೋರಿಸಬೇಕು ಅನ್ನಿಸಿತು.

ಮೂರನೆಯ ಕಂಬ ಇನ್ನು ಹತ್ತು ಹೆಜ್ಜೆ ಇರುವಾಗ ತಮಟೆಯವರು ಇದ್ದಕ್ಕಿದ್ದಂತೆ ಎರಡು ಕಡೆಗೂ ಸರಿದರು. ರಸ್ತೆಯ ನಡುವೆ ನಮ್ಮ ಚಿಕ್ಕವ್ವ, ಪುಟ್ಟಮಾದಮ್ಮ, ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎಂಬತ್ತೊಂಬತ್ತರಲ್ಲಿ ಸುಟ್ಟ ಕ್ಲಚ್ಚಿನ ಕಾರಿನೊಳಗೆ ಸೆರಗು ಮುಚ್ಚಿಕೊಂಡು ಕೂತಿದ್ದ ಮದುವಣಗಿತ್ತಿ ಇವಳೇ. ಚಿಕ್ಕಪ್ಪ ತೀರಿಹೋಗಿ ಎಂಟು ವರ್ಷ. ಗಂಡ ಸತ್ತವಳು ಆರತಿ ಎತ್ತಬಾರದು ಅನ್ನುವುದನ್ನೆಲ್ಲ ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. ಅವಳು ಆರತಿ ಎತ್ತುತ್ತಾಳೆ ಎಂದು ನಾನು ಯೋಚಿಸಬೇಕಿತ್ತು. ತಮಟೆಯವರಿಗೆ, ಕುಡುಕರಿಗೆ, ಪಟಾಕಿಯವರಿಗೆಲ್ಲ ನಿಲ್ಲಿಸಬೇಡಿ ಎಂದು ಹೇಳಿದವಳು, ಮನೆಯ ಹೆಂಗಸರಿಗೆ ಹೇಳಿರಲಿಲ್ಲ. ಆರತಿ ತಟ್ಟೆ ಎದುರಿಗೆ ಬಂದರೆ ನಿಲ್ಲದೆ ಹೋಗುವ ಮದುವೆ ಕಾರು ಎಲ್ಲಿದೆ?

"ಇಲ್ಲೇ ನಿಲ್ಸಿ ಬಾವ" ಎಂದಳು ಚಿಕ್ಕವ್ವ. "ಇದೇ ಜಾಗ ಅಲ್ವಾ?"

ಅಪ್ಪ ಕಾರು ನಿಲ್ಲಿಸಿದ. ನಿಲ್ಲಿಸಿದ ಅಂದರೆ ಎಂಜಿನ್ ಸತ್ತುಹೋಯಿತು. ಗುಡುಗುಡು ಸದ್ದು ಒಮ್ಮೆಲೇ ಇಲ್ಲ. ಕ್ಲಚ್ ಒತ್ತಲಾಗಲಿಲ್ಲ, ಬ್ರೇಕು ಹಾಕಿದ, ಆಫ್ ಆಯಿತು. ಅದೇ ಏರು, ಅದೇ ಜಾಗ, ಜಗಲಿಗಳ ತುಂಬ ಜನ. ಇದನ್ನೆಲ್ಲ ಮಾಡಿದವಳು ನಾನು. ಏಳು ಸಲ ಬಿಚ್ಚಿ ಕೂರಿಸಿದವಳಿಗೆ ಒಂದು ಆರತಿ ತಟ್ಟೆ ನೆನಪಾಗಲಿಲ್ಲ.

ಚಿಕ್ಕವ್ವ ಆರತಿ ಎತ್ತಿದಳು. ಗಂಡು ಹೆಣ್ಣಿನ ಹಣೆಗೆ ಬೊಟ್ಟಿಟ್ಟಳು. ಕಾರಿನ ಮುಂದಿನ ಎರಡು ದೀಪಗಳಿಗೂ ಇಟ್ಟಳು. ನೀರನ್ನು ರಸ್ತೆಯ ಬದಿಗೆ ಚೆಲ್ಲಿ ಪಕ್ಕಕ್ಕೆ ಸರಿದಳು. ಅಷ್ಟರಲ್ಲಿ ರಾಜೇಂದ್ರನ ಸ್ನೇಹಿತರು ನಾಲ್ಕೈದು ಜನ ಅಂಗಿ ತೋಳು ಮಡಚುತ್ತ ಕಾರಿನ ಹಿಂದಕ್ಕೆ ಹೋದರು. ಜಗಲಿಯಿಂದಲೂ ಇಬ್ಬರು ಹುಡುಗರು ಒಳ್ಳೆ ಮನಸ್ಸಿನಿಂದಲೇ ಇಳಿದು ಬಂದರು. ಒಬ್ಬನ ಕೈ ಡಿಕ್ಕಿಯ ಮೇಲೆ ಬೀಳುವುದರಲ್ಲಿತ್ತು.

"ಯಾರೂ ಮುಟ್ಬ್ಯಾಡಿ ಕಾರಾ!"

ಅಪ್ಪನಿಗೆ ಅಂಥ ಗಂಟಲು ಇನ್ನೂ ಇದೆ ಎಂದು ನನಗೆ ಗೊತ್ತಿರಲಿಲ್ಲ. ತಮಟೆ ಕೂಡ ನಿಂತುಹೋಯಿತು. ಅಪ್ಪ ಮುಂದಿನ ಜನ ಸರಿಯುವವರೆಗೆ ಕಾದ. ಆಮೇಲೆ ಹ್ಯಾಂಡ್‌ಬ್ರೇಕ್ ಬಿಡುತ್ತ, ಗೇರಿನಲ್ಲಿ ಇರುವಂತೆಯೇ, ಕೀ ತಿರುಗಿಸಿದ.

ಸೆಲ್ಫ್ ಮೋಟರು ಉಸಿರು ಕಟ್ಟಿ ಗುಂಯ್ ಎಂದಿತು. ಸಾಮಾನ್ಯವಾಗಿ ಅದರ ಕೆಲಸ ಎಂಜಿನ್ ಎಬ್ಬಿಸುವುದು ಮಾತ್ರ. ಗೇರಿನಲ್ಲಿಟ್ಟು ತಿರುಗಿಸಿದರೆ ಅದು ಇಡೀ ಕಾರನ್ನೇ ಎಳೆಯಬೇಕು. ಹೊಸ ದೊಡ್ಡ ಬ್ಯಾಟರಿ, ಹೊಸದಾಗಿ ಸುತ್ತಿಸಿದ ಮೋಟರು, ಮೂರು ಜನರ ಭಾರ, ಕಡಿದಾದ ಏರು. ಕಾರು ಒಂದು ಗೇಣು ಮುಂದೆ ಹೋಯಿತು. ಇನ್ನೊಂದು ಗೇಣು. ಒಂದು ಮೊಳ. ಎಂಜಿನ್ ಕೆಮ್ಮಿತು, ಹಿಡಿಯಿತು, ಗುಡುಗಿತು. ಕಾರು ನಿಂತೇ ಇರಲಿಲ್ಲವೇನೋ ಎಂಬಂತೆ ನಡೆಯತೊಡಗಿತು. ಮಾರಯ್ಯ ಮೊದಲು ಎಚ್ಚೆತ್ತುಕೊಂಡು ತಮಟೆ ಬಾರಿಸಿದ. ಬೀದಿಯೆಲ್ಲ ಶಿಳ್ಳೆ.

ನಾನು ಕಿಟಕಿಯೊಳಗೆ ಬಗ್ಗಿ ನೋಡಿದೆ. ಅಪ್ಪನ ಬಲಗಾಲು ಆಕ್ಸಿಲರೇಟರಿನ ಮೇಲಿತ್ತು. ಎಡಗಾಲು ಕ್ಲಚ್ಚಿನಿಂದ ದೂರ, ಪಕ್ಕದ ಸೀಟಿನ ಕಡೆಗೆ, ಪಾದ ಹೊರಗೆ ತಿರುಗಿ ಬಿದ್ದಿತ್ತು. ಚಪ್ಪಲಿ ಕಳಚಿಹೋಗಿತ್ತು. ಅದು ಅವನಿಗೆ ಗೊತ್ತಾದಂತೆಯೂ ಇರಲಿಲ್ಲ.

ಆಗ ನನಗೆ ಎಲ್ಲ ಅರ್ಥವಾಯಿತು. ಬ್ರೇಕು ಹಾಕಿ ಎಂಜಿನ್ ಸತ್ತದ್ದಲ್ಲ, ಅವನೇ ಕೀ ತಿರುಗಿಸಿ ಆಫ್ ಮಾಡಿದ್ದು. ಬಸ್‌ಸ್ಟಾಪಿನಲ್ಲೂ ಕ್ಲಚ್ ಒತ್ತದೆ, ಗೇರಿಗೆ ಹಾಕಿ ಸೆಲ್ಫಿನಲ್ಲೇ ಎಬ್ಬಿಸಿದ್ದು. ಕ್ಲಚ್ ಕೈಕೊಟ್ಟಾಗ ಹಳೇ ಡ್ರೈವರುಗಳು ಹೀಗೆ ಮನೆ ಮುಟ್ಟಿಸುತ್ತಿದ್ದರು. ಆರತಿಗೆ ನಿಲ್ಲಬೇಕಾಗುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಏರಿನಲ್ಲಿ ಇಷ್ಟು ಭಾರವನ್ನು ಸೆಲ್ಫ್ ಮೋಟರು ಎಳೆಯಬೇಕಾದರೆ ಎಂಟಕ್ಕೆ ಮೂವತ್ತೊಂಬತ್ತೇ ಬೇಕು, ಒಂಬತ್ತರಲ್ಲಿ ಅದು ಕೂತುಬಿಡುತ್ತಿತ್ತು. ಕಾರಣ ಹೇಳಿದರೆ ಕಾಲಿನ ವಿಷಯ ಹೇಳಬೇಕಾಗುತ್ತಿತ್ತು. ಹೇಳಿದ್ದರೆ ನಾನು ಕೀ ಕೊಡುತ್ತಿರಲಿಲ್ಲ. ಖಂಡಿತ ಕೊಡುತ್ತಿರಲಿಲ್ಲ.

"ಯಾವತ್ತಿಂದಪ್ಪ?" ಎಂದೆ, ನಡೆಯುತ್ತಲೇ.

"ಎಂಟು ಬೇಕು ಅಂದಾಗ್ಲೇ ಸೋಲ್ತಿತ್ತು, ಕ್ಲಚ್ ಒತ್ತಕ ಆಗ್ದೆ ಎಂಟ್ಹತ್ತು ದಿನ ಆಯ್ತು. ಮುಂದೆ ನೋಡ್ಕಂಡ್ ನಡಿ, ಕಲ್ಲದ."

ನನಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಹೇಳಲಾರೆ. ಕೊನೆಯ ಕಂಬ ದಾಟಿ ಏರು ಮುಗಿಯಿತು. ನಮ್ಮ ಬೀದಿಗೆ ತಿರುಗಿದೆವು. ಮನೆಯ ಮುಂದಿನ ಚಪ್ಪರದಡಿ ಅಪ್ಪ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದ. ರಾಜೇಂದ್ರ, ನಂದಿತಾ ಇಳಿದರು. ಸ್ನೇಹಿತರು, ನೆಂಟರು, ಮೇಲಿನ ಬೀದಿಯಿಂದ ಹಿಂದೆಯೇ ಬಂದಿದ್ದ ಆ ಇಬ್ಬರು ಹುಡುಗರು, ಎಲ್ಲರೂ ಕಾರಿನ ಸುತ್ತ ಕೈ ಕಟ್ಟಿಕೊಂಡು, ಮುಟ್ಟಲು ಹೆದರಿ, ಒಂದು ಮಾರು ದೂರವೇ ನಿಂತಿದ್ದರು. ಅಪ್ಪ ಬಾಗಿಲು ತೆಗೆದ. ಬಲಗಾಲು ಕೆಳಗಿಟ್ಟ. ಎಡಗಾಲನ್ನು ಎರಡು ಕೈಯಲ್ಲಿ ಎತ್ತಿ ಹೊರಗಿಡಲು ನೋಡಿದ, ಆಗಲಿಲ್ಲ. ಮತ್ತೊಮ್ಮೆ ನೋಡಿದ. ಆಮೇಲೆ ತಲೆ ಎತ್ತಿ ಸುತ್ತ ನಿಂತವರನ್ನೆಲ್ಲ ನೋಡಿ ನಕ್ಕ. ಎಂಬತ್ತೊಂಬತ್ತರ ಆ ಮಾತಿಗೆ ನಗದೆ ಉಳಿಸಿಕೊಂಡಿದ್ದ ನಗುವೆಲ್ಲ ಅದರಲ್ಲಿತ್ತು.

"ಮುಟ್ಬ್ಯಾಡಿ ಅಂದಿದ್ದು ಕಾರಾ ಕಣ್ರಪ್ಪ" ಎಂದ. "ನನ್ನ ಎತ್ಕಳಿ."